ಎಂಟನೇ ತರಗತಿ ದಾಟಿದ ಮೇಲೆ

2021ರ ಡಿಸೆಂಬರ್‌ನಲ್ಲಿ ಬಿಸಿಯೂಟದ ತಟ್ಟೆಗೆ ಮೊಟ್ಟೆ ಬಂದಾಗ ಎದ್ದ ಗದ್ದಲ ಓದುಗರಿಗೆ ನೆನಪಿರಬಹುದು. ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಜೊತೆಗೆ ವಿಜಯಪುರವೂ ಸೇರಿ ಏಳು ಜಿಲ್ಲೆಗಳಲ್ಲಿ, ಒಂದರಿಂದ ಎಂಟನೇ ತರಗತಿಯ ಮಕ್ಕಳಿಗೆ ತಿಂಗಳಲ್ಲಿ 12 ದಿನ ಬೇಯಿಸಿದ ಮೊಟ್ಟೆ, ಒಲ್ಲೆ ಅಂದವರಿಗೆ ಬಾಳೆಹಣ್ಣು ಎಂದು ಸರ್ಕಾರ ಆದೇಶ ಹೊರಡಿಸಿತ್ತು. ಕೆಲವು ಮಠಾಧೀಶರು ಹೋರಾಟದ ಎಚ್ಚರಿಕೆ ಕೊಟ್ಟರು. ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ಸ್ವಾಮಿಗಳನ್ನೇ ದಬಾಯಿಸಿದ ವಿಡಿಯೊ ಊರೂರು ಸುತ್ತಿತು. ಈ ಜಗಳದ ನಡುವೆಯೇ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ತಕ್ಕಡಿ ಹಿಡಿದು ಶಾಲೆಗಳಿಗೆ ಹೋದರು. ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನು, ಆಗಿನ್ನೂ ಮೊಟ್ಟೆ ಸಿಗದಿದ್ದ ಗದಗದ ಮಕ್ಕಳೊಂದಿಗೆ ಹೋಲಿಸಿ ನೋಡಿದರು. ಯಾದಗಿರಿಯ ಎಂಟನೇ ತರಗತಿಯ ಹುಡುಗಿಯರು ಗದಗದ ಅದೇ ತರಗತಿಯವರಿಗಿಂತ ಶೇ 71ರವರೆಗೆ ಹೆಚ್ಚು ತೂಕ ಗಳಿಸಿದ್ದರು.

ಈ ಅಂಕಿಯನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಹುಡುಗಿಯರ ತೂಕ ಶೇ 71ರಷ್ಟು ಏರಿತು ಎಂದು ಇದರರ್ಥವಲ್ಲ. ಆ ಕೆಲವು ತಿಂಗಳುಗಳಲ್ಲಿ ಮೈಗೆ ಕೂಡಿಕೊಂಡ ತೂಕ ಅಷ್ಟು ಹೆಚ್ಚು ಎಂದಷ್ಟೇ. ಹಾಗೆ ಓದಿದಾಗಲೇ ಇದು ಇನ್ನಷ್ಟು ಚುಚ್ಚುತ್ತದೆ. ತಿಂಗಳಿಗೆ ಹನ್ನೆರಡೇ ಮೊಟ್ಟೆ ಒಂದು ಮೈಯಲ್ಲಿ ಇಷ್ಟು ವ್ಯತ್ಯಾಸ ಮಾಡಬೇಕಾದರೆ ಆ ಮೈ ಅದುವರೆಗೆ ಎಷ್ಟು ಬರಿದಾಗಿತ್ತು? ಮಕ್ಕಳ ರಕ್ಷಣೆ ಅಂದ ಕೂಡಲೇ ನಮಗೆ ಪೊಲೀಸ್ ಠಾಣೆ, ಪೋಕ್ಸೊ, ಬಾಲಮಂದಿರ ನೆನಪಾಗುತ್ತವೆ. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಮಟ್ಟಿಗೆ ಹೇಳುವುದಾದರೆ, ಅತಿ ಹೆಚ್ಚು ಮಕ್ಕಳನ್ನು ಕಾಯುತ್ತಿರುವುದು ಶಾಲೆಯ ಅಡುಗೆ ಕೋಣೆ ಮತ್ತು ಅದರ ಪಕ್ಕದ ಕೋಣೆಯಲ್ಲಿರುವ ಹಾಜರಿ ಪುಸ್ತಕ. ಹೆಸರು ಆ ಪುಸ್ತಕದಲ್ಲಿ ಇರುವಷ್ಟು ದಿನ ಮಗುವಿನ ಮೇಲೆ ಯಾರದ್ದಾದರೂ ಕಣ್ಣಿರುತ್ತದೆ. ಹೆಸರು ಇನ್ನೂ ಬರೆಯದ, ಅಥವಾ ಅಳಿಸಿಹೋದ ವರ್ಷಗಳೇ ಅಪಾಯದ ವರ್ಷಗಳು.

ಬರೆಯದ ವರ್ಷಗಳಿಂದ ಶುರು ಮಾಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-20) ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಯಾದಗಿರಿಯಲ್ಲಿ ಆ ಪ್ರಮಾಣ ಅರ್ಧಕ್ಕಿಂತ ಹೆಚ್ಚು. ಅದರ ಹಿಂದಿನ ಸುತ್ತಿನಲ್ಲೂ ಅರ್ಧಕ್ಕಿಂತ ಹೆಚ್ಚೇ ಇತ್ತು. ಅಂಗನವಾಡಿ ಕಾರ್ಯಕರ್ತೆಯರು ಈ ಮಾತು ತೆಗೆದರೆ ಮನೆಯವರಿಂದ ಬರುವ ಉತ್ತರ ಒಂದೇ: "ನಮ್ಮ ಮನಿತನದಾಗ ಎಲ್ಲಾರೂ ಗಿಡ್ಡೇ ಅದಾರ್ರಿ, ಕೂಸಿಗೇನಾಗ್ಯಾದ?" ಈ ಉತ್ತರವನ್ನು ಅಜ್ಞಾನ ಎಂದು ತಳ್ಳಿಹಾಕುವುದು ಸುಲಭ, ಸರಿಯಲ್ಲ. ಸುತ್ತಲಿನ ಎಲ್ಲ ಮಕ್ಕಳೂ ಅಷ್ಟೇ ಇದ್ದರೆ ಯಾವ ತಾಯಿಗೆ ತಾನೇ ಅನುಮಾನ ಬರುತ್ತದೆ? ಆದರೆ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಮಾನದಂಡ ಬೇರೆ ಕಥೆ ಹೇಳುತ್ತದೆ. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ ಮತ್ತು ಭಾರತದ ಮಕ್ಕಳನ್ನು ಅಳೆದು ಅದನ್ನು ರೂಪಿಸಿದರು. ನಮ್ಮ ಕಡೆಯಿಂದ ಲೆಕ್ಕಕ್ಕೆ ಬಂದದ್ದು ದಕ್ಷಿಣ ದೆಹಲಿಯ ಅನುಕೂಲಸ್ಥ ಮನೆಗಳ ಕೂಸುಗಳು. ಹೊಟ್ಟೆ ತುಂಬ ಊಟ, ಎದೆಹಾಲು, ಶುದ್ಧ ನೀರು ಸಿಕ್ಕಾಗ ದೆಹಲಿಯ ಕೂಸೂ ನಾರ್ವೆಯ ಕೂಸೂ ಐದು ವರ್ಷದವರೆಗೆ ಹೆಚ್ಚುಕಡಿಮೆ ಒಂದೇ ಸಮ ಬೆಳೆಯುತ್ತವೆ. ಗಿಡ್ಡತನ ಮನೆತನದ್ದು ಅನ್ನಿಸುವುದು, ಹಸಿವೂ ಮನೆತನದ ಜೊತೆಗೇ ಇಳಿದು ಬಂದಿರುವುದರಿಂದ.

ಕುಂಠಿತ ಬೆಳವಣಿಗೆಯ ಬಹುಪಾಲು ಗರ್ಭದಲ್ಲಿ ಮತ್ತು ಹುಟ್ಟಿದ ಮೊದಲ ಎರಡು ವರ್ಷಗಳಲ್ಲಿ ನಡೆದುಹೋಗುತ್ತದೆ. ತಾಯಿಗೆ ಹದಿನಾರಕ್ಕೆ ಮದುವೆಯಾಗಿದ್ದರೆ ಅವಳ ಮೈಯೇ ಇನ್ನೂ ಬೆಳೆಯುತ್ತಿರುತ್ತದೆ. ಇದ್ದ ಪೋಷಣೆಯನ್ನು ಅವಳೂ ಒಡಲ ಕೂಸೂ ಹಂಚಿಕೊಳ್ಳಬೇಕು. ಬಸುರಿಯ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಎಂದು ಲೆಕ್ಕ. ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಗುವ ಕೂಸು ಹುಟ್ಟುವಾಗಲೇ ಹಿಂದೆ ಬಿದ್ದಿರುತ್ತದೆ. ಬಾಣಂತನ ಪೂರ್ತಿ ಮುಗಿಯುವ ಮೊದಲೇ ತಾಯಿ ಕೂಲಿಗೆ ಹೋಗುತ್ತಾಳೆ, ಕೂಸು ಹೊಲದ ಬದುವಿನ ಜೋಳಿಗೆಯಲ್ಲೋ ಎಂಟು ವರ್ಷದ ಅಕ್ಕನ ಸೊಂಟದಲ್ಲೋ ಇರುತ್ತದೆ. ಆರು ತಿಂಗಳಾದ ಮೇಲೆ ಕೊಡಬೇಕಾದ ಗಟ್ಟಿ ಆಹಾರದ ಬದಲು ನೀರು ನೀರಾದ ಗಂಜಿ, ಇಲ್ಲವೇ ಅಂಗಡಿಯ ಐದು ರೂಪಾಯಿ ಪಾಕೀಟು. ಮೇಲಿಂದ ಮೇಲೆ ವಾಂತಿ-ಭೇದಿ. ತಿಂದ ಅಷ್ಟಿಷ್ಟೂ ಕೆಟ್ಟ ನೀರಿನ ಪಾಲು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಬಾವಿ ನೀರಿನಲ್ಲಿ ಆರ್ಸೆನಿಕ್ ಸಿಕ್ಕಿದ್ದು ದೊಡ್ಡ ಸುದ್ದಿಯಾಯಿತು. ದಿನನಿತ್ಯದ ಭೇದಿಗೆ ಆ ಭಾಗ್ಯವೂ ಇಲ್ಲ.

ಇದು ತೊಗರಿಯ ಸೀಮೆ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ಕಡೆ ಭತ್ತ, ಹತ್ತಿ, ಮೆಣಸಿನಕಾಯಿ. ಹರಿಯದ ಕಡೆ ತೊಗರಿ. ದೇಶದ ಸಾರಿನ ಪಾತ್ರೆಗೆ ಬೇಳೆ ಕಳಿಸುವ ನೆಲದಲ್ಲಿ ಮಗುವಿನ ತಟ್ಟೆಯ ಬೇಳೆ ಮಾತ್ರ ತೆಳ್ಳಗೆ. ರಾಶಿಯಾದ ತೊಗರಿ ಸೀದಾ ಅಡತಿ ಅಂಗಡಿಗೆ ಹೋಗುತ್ತದೆ, ಮನೆಗೆ ಬರುವುದು ಪಡಿತರದ ಅಕ್ಕಿ. ಅಕ್ಕಿ ಹೊಟ್ಟೆ ತುಂಬಿಸಿದೆ, ಅದನ್ನು ಹಗುರ ಮಾಡಿ ಮಾತಾಡಬಾರದು. ಎತ್ತರ ಬೆಳೆಯಲು ಅದೊಂದೇ ಸಾಲದು.

ಅಂಗನವಾಡಿಯಲ್ಲಿ ಕೂಸಿನ ಎಡ ರಟ್ಟೆಗೆ ಸುತ್ತುವ ಒಂದು ಪಟ್ಟಿ ಇದೆ. ಭುಜದ ತುದಿಗೂ ಮೊಣಕೈಗೂ ನಡುವಿನ ಜಾಗ ಗುರುತಿಸಿ, ಕೈ ಸಡಿಲ ಬಿಡಿಸಿ, ಚರ್ಮ ಒತ್ತದ ಹಾಗೆ ಪಟ್ಟಿ ಸುತ್ತಿ ಕಿಂಡಿಯಲ್ಲಿ ಕಾಣುವ ಬಣ್ಣ ನೋಡಬೇಕು. ಹಸಿರಾದರೆ ಸರಿ; ಹಳದಿಯಾದರೆ ಎಚ್ಚರ; ಕೆಂಪು, ಅಂದರೆ ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆ ಬಂದರೆ, ಅದು ತೀವ್ರ ಅಪೌಷ್ಟಿಕತೆ. ದೊಡ್ಡವರ ಹೆಬ್ಬೆರಳು ತೋರುಬೆರಳು ಸೇರಿಸಿದರೆ ಆಗುವ ಬಳೆಯೊಳಗೆ ಸಲೀಸಾಗಿ ಕೂರುವಷ್ಟು ಸಣ್ಣ ರಟ್ಟೆ ಅದು. ಅಂಥ ಮಕ್ಕಳಿಗೆ ಪೌಷ್ಟಿಕ ಪುನಶ್ಚೇತನ ಕೇಂದ್ರವಿದೆ. ತಾಯಿ-ಮಗು 14 ದಿನ ಅಲ್ಲೇ ಉಳಿಯಬೇಕು. ಮೊದಮೊದಲು ಎರಡು ಗಂಟೆಗೊಮ್ಮೆ ಅಳತೆಯ ಹಾಲಿನ ಮಿಶ್ರಣ, ಸೋಂಕಿಗೆ ಔಷಧ, ಆಮೇಲೆ ನಿಧಾನಕ್ಕೆ ಊಟ. ಬಾಡಿದ ಕೂಸಿಗೆ ಒಮ್ಮೆಲೇ ಹೊಟ್ಟೆ ಬಿರಿಯ ಉಣಿಸಿದರೆ ಜೀವಕ್ಕೇ ಕುತ್ತು ಬರಬಹುದು, ಅದಕ್ಕೇ ಈ ಲೆಕ್ಕಾಚಾರ. ಅಲ್ಲಿ ಉಳಿದಷ್ಟು ದಿನಗಳಿಗೆ ತಾಯಿಗೆ ಕೂಲಿ ಪರಿಹಾರವೂ ಉಂಟು.

ಆದರೂ ಎಷ್ಟೋ ತಾಯಂದಿರು ಬರುವುದಿಲ್ಲ, ಬಂದವರು ನಾಲ್ಕೈದು ದಿನಕ್ಕೇ ಗಂಟುಮೂಟೆ ಕಟ್ಟುತ್ತಾರೆ. ಮನೆಯಲ್ಲಿ ಇನ್ನಿಬ್ಬರು ಮಕ್ಕಳು, ರೊಟ್ಟಿ ಬಡಿಯುವವರಿಲ್ಲ, ಆಡಿಗೆ ಮೇವು ಹಾಕುವವರಿಲ್ಲ. ಕೂಲಿ ಪರಿಹಾರ ಕೊಟ್ಟರೆ ಕೂಲಿಯ ಲೆಕ್ಕ ಸರಿಹೋದೀತು, ಮನೆವಾರ್ತೆಯ ಲೆಕ್ಕಕ್ಕೆ ಯಾರೂ ಪರಿಹಾರ ಇಟ್ಟಿಲ್ಲ. "ಕೂಸಿನ ಮನೆ" ಎಂಬ ಹೆಸರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರ ತೆರೆಯುವ ಯೋಜನೆ 2023ರಲ್ಲಿ ಬಂತು. ನರೇಗಾ ಕೆಲಸದ ಹೆಂಗಸರ ಕೂಸುಗಳನ್ನು ಊರಿನ ಹೆಂಗಸರೇ ತರಬೇತಿ ಪಡೆದು ನೋಡಿಕೊಳ್ಳುವ ಏರ್ಪಾಡು. ಮೂರು ವರ್ಷದೊಳಗಿನ ಕೂಸಿನ ಹೆಸರು ಒಂದು ರಿಜಿಸ್ಟರಿಗೆ ಏರುವುದು, ಅದೂ ದಿನವಿಡೀ ಯಾರೋ ಒಬ್ಬರು ಅದನ್ನು ನೋಡುತ್ತಿರುವುದು ಇಂಥ ಕಡೆ ಮಾತ್ರ. ಈ ಮೂರು ತಾಲ್ಲೂಕುಗಳಿಗೆ ಇದಕ್ಕಿಂತ ತುರ್ತಿನ ಯೋಜನೆ ನನಗಂತೂ ಕಾಣುವುದಿಲ್ಲ.

ಇನ್ನು ಹೆಸರಿದ್ದೂ ಮಗು ಇಲ್ಲದ ತಿಂಗಳುಗಳು. ಮಳೆ ಕೈಕೊಟ್ಟರೂ ಗುಳೆ, ರಾಶಿ ಮುಗಿದರೂ ಗುಳೆ. ಬೆಂಗಳೂರಿನ ಕಟ್ಟಡ, ಹೈದರಾಬಾದು, ಪುಣೆ, ಮುಂಬೈ. ಬಸ್ ನಿಲ್ದಾಣದಲ್ಲಿ ಹಿಟ್ಟಿನ ಚೀಲ, ಪಾತ್ರೆಯ ಗಂಟು, ಅವುಗಳ ಮೇಲೆ ಕೂತ ಮಕ್ಕಳನ್ನು ಕಂಡವರಿಗೆ ವಿವರಿಸುವ ಅಗತ್ಯವಿಲ್ಲ. ಬೆಂಗಳೂರಿನ ತಗಡಿನ ಶೆಡ್ಡು ಸೇರಿದ ಮೇಲೆ ಆ ಮಗು ಯಾವ ಅಂಗನವಾಡಿಯದ್ದು, ಯಾವ ಶಾಲೆಯದ್ದು? ಊರಿನ ಪುಸ್ತಕದಲ್ಲಿ ಹೆಸರಿದೆ, ಮಗುವಿಲ್ಲ. ಶೆಡ್ಡಿನಲ್ಲಿ ಮಗುವಿದೆ, ಹೆಸರಿಲ್ಲ. ಟೆಂಟ್ ಶಾಲೆ, ಋತುಮಾನದ ಹಾಸ್ಟೆಲ್ಲು ಎಂದು ಸರ್ಕಾರದ ಕಡತದಲ್ಲಿ ಉತ್ತರಗಳಿವೆ. ಅಜ್ಜಿಯ ಹತ್ತಿರ ಬಿಟ್ಟುಹೋದ ಮಕ್ಕಳಿಗಾದರೆ ಅದೇ ಶಾಲೆ, ಅದೇ ಊಟ ಮುಂದುವರಿಯುತ್ತದೆ. ಆ ಮಟ್ಟಿಗೆ ಈ ಭಾಗದ ಅಜ್ಜಿಯರು ನಡೆಸುತ್ತಿರುವಷ್ಟು ಹಾಸ್ಟೆಲುಗಳನ್ನು ಯಾವ ಇಲಾಖೆಯೂ ನಡೆಸುತ್ತಿಲ್ಲ.

ಗುಳೆಗೆ ದೂರ ಹೋಗಬೇಕು. ಹತ್ತಿಗೆ ಅಷ್ಟೂ ಬೇಡ. ದಸರಾ ಕಳೆದು ಹತ್ತಿ ಬಿಡಿಸುವ ಕಾಲ ಬಂದರೆ ಬೆಳಗ್ಗೆ ಟಂಟಂ, ಗೂಡ್ಸ್ ಗಾಡಿಗಳು ಊರ ಅಗಸಿಗೆ ಬಂದು ನಿಲ್ಲುತ್ತವೆ. ಕೂಲಿ ಕೆ.ಜಿ. ಲೆಕ್ಕದಲ್ಲಿ ಎಂದಾದ ಮೇಲೆ ಬಿಡಿಸುವ ಕೈ ಚಿಕ್ಕದೋ ದೊಡ್ಡದೋ ಯಾರು ಕೇಳುತ್ತಾರೆ? ಸೊಂಟದೆತ್ತರದ ಗಿಡಕ್ಕೆ ಬಗ್ಗದೆ ಕೈಯಾಡಿಸುವ ಮಕ್ಕಳು ಬೇಗ ಬಿಡಿಸುತ್ತಾರೆ ಎಂಬ ಮಾತೂ ಇದೆ, ಆಡುವವರು ಅದನ್ನು ಹೊಗಳಿಕೆ ಎಂದೇ ಆಡುತ್ತಾರೆ. ಒಣಗಿದ ಕಾಯಿಯ ಚೂಪು ತುದಿ ಉಗುರಿನ ಸಂದಿ ಸೀಳುತ್ತದೆ. ಗಿಡಕ್ಕೆ ಹೊಡೆದ ಔಷಧ ಆ ಬೆರಳಿಗೆ, ಆಮೇಲೆ ಬುತ್ತಿಯ ರೊಟ್ಟಿಗೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ 14 ವರ್ಷದೊಳಗಿನವರ ದುಡಿಮೆ ಪೂರ್ತಿ ನಿಷೇಧವಾಯಿತು, ಮಾಲೀಕನಿಗೆ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಜೈಲು ಕೂಡ. ಆದರೆ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮನೆಯವರ ಕೆಲಸಕ್ಕೆ ನೆರವಾಗಬಹುದು ಎಂಬ ಬಾಗಿಲೊಂದನ್ನು ತೆರೆದಿಟ್ಟರು. ತಪಾಸಣೆಯವರು ಬಂದಾಗ ಎಲ್ಲ ಹೊಲಗಳೂ ಮನೆಯವರ ಹೊಲಗಳೇ.

ಇಲ್ಲಿ ಹಾಜರಿ ಪುಸ್ತಕಕ್ಕೆ ದೊಡ್ಡ ಕೆಲಸವಿದೆ. ಶಾಲೆ ಬಿಟ್ಟ ಮಕ್ಕಳ ವಿಷಯವನ್ನು ಹೈಕೋರ್ಟ್ 2013ರಲ್ಲಿ ತಾನಾಗಿ ಕೈಗೆತ್ತಿಕೊಂಡ ಮೇಲೆ ನಿಯಮ ಬಿಗಿಯಾಯಿತು: ಏಳು ದಿನ ಒಂದೇ ಸಮ ಗೈರಾದ ಮಗುವನ್ನು ಶಾಲೆಯಿಂದ ಹೊರಗುಳಿದದ್ದೆಂದು ಭಾವಿಸಿ ಹುಡುಕಬೇಕು. ಮೊದಲು ಅರವತ್ತು ದಿನ ಕಾಯುತ್ತಿದ್ದರು. ಅರವತ್ತು ದಿನದಲ್ಲಿ ಹತ್ತಿಯೇ ಮುಗಿದಿರುತ್ತದೆ. ನಿಯಮ ಚೆನ್ನಾಗಿದೆ, ಪಾಲಿಸುವವರ ಕಷ್ಟ ಬೇರೆ. ಗೈರನ್ನು ಗೈರು ಎಂದೇ ಬರೆದ ಮೇಷ್ಟ್ರಿಗೆ ಮೇಲಿನಿಂದ ಪ್ರಶ್ನೆ ಬರುತ್ತದೆ, ಹಾಜರಿ ಹಾಕಿ ಸುಮ್ಮನಿದ್ದವರಿಗೆ ಬರುವುದಿಲ್ಲ. ಅರ್ಧ ಮಕ್ಕಳು ಹೊಲದಲ್ಲಿದ್ದಾರೆ ಎಂದು ನವೆಂಬರ್ ತಿಂಗಳಲ್ಲಿ ನಿಜ ಬರೆಯುವ ಶಾಲೆಗೆ ನೋಟಿಸಿನ ಬದಲು ನೆರವು ಕಳಿಸುವ ಶಿಕ್ಷಣಾಧಿಕಾರಿ ಬೇಕು.

ಮಕ್ಕಳನ್ನು ಹಾಜರಿಗೆ ಎಳೆದು ತರುವುದರಲ್ಲಿ ಊಟದ ಪಾಲು ದೊಡ್ಡದು. 2002ರಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟ ಯೋಜನೆ ಶುರುವಾದದ್ದೇ ಈ ಕಡೆಯ ಏಳು ಜಿಲ್ಲೆಗಳಲ್ಲಿ. ಆಗ ಈ ಮೂರೂ ತಾಲ್ಲೂಕುಗಳು ಗುಲಬರ್ಗಾದೊಳಗಿದ್ದವು. ಮೊಟ್ಟೆಯನ್ನು ಆಮೇಲೆ ರಾಜ್ಯಕ್ಕೆಲ್ಲ ವಿಸ್ತರಿಸಿ, 2023ರ ಆಗಸ್ಟ್‌ನಲ್ಲಿ ಹತ್ತನೇ ತರಗತಿಯವರೆಗೂ ಕೊಟ್ಟರು. ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ನೆರವಿಗೆ ಒಪ್ಪಿದ ಮೇಲೆ, 2024ರ ಸೆಪ್ಟೆಂಬರ್‌ನಿಂದ ವಾರಕ್ಕೆ ಆರು ದಿನವಾಯಿತು. ಆಗ ಒಂದು ಮೊಟ್ಟೆಗೆ 6 ರೂಪಾಯಿ. ಬೇಯಿಸುವ ಗ್ಯಾಸು, ಸಾಗಣೆ, ಸಿಪ್ಪೆ ಸುಲಿಯುವ ಪೈಸೆ ಕೂಡ ಅದರೊಳಗೇ. ಚಳಿಗಾಲದಲ್ಲಿ ಪೇಟೆಯ ದರ ಏರಿದರೆ ಮುಖ್ಯಶಿಕ್ಷಕರು ಸ್ವಂತ ಜೇಬು ತಡಕಬೇಕು. ಮುನ್ನೂರು ಮೊಟ್ಟೆ ಸುಲಿಯುವುದು ಎಂದರೇನು ಎಂಬುದನ್ನು ಅಡುಗೆಯವರನ್ನೇ ಕೇಳಬೇಕು. ಬಿಸಿ ಆರುವ ಮೊದಲೇ ತಣ್ಣೀರಿಗೆ ಹಾಕಿ, ತಳ ಕುಟ್ಟಿ, ಸಿಪ್ಪೆಯೊಳಗಿನ ಪೊರೆಯನ್ನು ಹಿಡಿದು ಎಳೆಯಬೇಕು. ಒಡೆದ ಮೊಟ್ಟೆ ಕೊಟ್ಟರೆ ಒಂದನೇ ತರಗತಿಯವರು ಅಳುತ್ತಾರೆ. ಅಡುಗೆಯವರ ಗೌರವಧನದ ಬಗ್ಗೆ ಬರೆಯಲು ಹೊರಟರೆ ಅದೇ ಒಂದು ಅಂಕಣವಾದೀತು.

ಈಗ ಆ ಎಂಟನೇ ತರಗತಿಯ ಹುಡುಗಿಯ ಹತ್ತಿರ ಮತ್ತೆ ಬರೋಣ. ಅವಳಿಗೆ 14 ತುಂಬುವ ಹೊತ್ತಿಗೆ ವಿಚಿತ್ರವೊಂದು ನಡೆಯುತ್ತದೆ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ. ಅದು ಅಲ್ಲಿಗೆ ಕೈಬಿಡುತ್ತದೆ. ಬಾಲಕಾರ್ಮಿಕ ಕಾಯ್ದೆಯ ಪೂರ್ಣ ನಿಷೇಧವೂ 14ಕ್ಕೆ ಮುಗಿದು, ಅಲ್ಲಿಂದ 18ರವರೆಗೆ ಅಪಾಯಕಾರಿ ಕೆಲಸ ಮಾತ್ರ ಕೂಡದು ಎಂದಾಗುತ್ತದೆ. ಊರಿನ ಶಾಲೆ ಎಂಟಕ್ಕೇ ನಿಂತಿದ್ದರೆ ಹೈಸ್ಕೂಲು ಇನ್ನೊಂದು ಊರಿನಲ್ಲಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ, ನಿಜ, ಬಸ್ಸು ಬರಬೇಕಲ್ಲ. ವಯಸ್ಸಿಗೆ ಬಂದ ಹುಡುಗಿಯನ್ನು ಗುಳೆಯ ಶೆಡ್ಡಿಗೆ ಕರೆದೊಯ್ಯಲೂ ಹೆದರಿಕೆ, ಅಜ್ಜಿಯ ಹತ್ತಿರ ಬಿಡಲೂ ಹೆದರಿಕೆ. "ಒಂದು ಮನಿ ಸೇರಿಸಿಬಿಟ್ರ ನಿಶ್ಚಿಂತಿ" ಎಂದು ತಂದೆ-ತಾಯಿ ಆಡುವ ಮಾತಿನ ಹಿಂದೆ ಇರುವುದು ಬಹುಪಾಲು ಈ ಹೆದರಿಕೆಯೇ. ಬೇಸಿಗೆಯ ಜಾತ್ರೆ, ಅಣ್ಣನ ಮದುವೆಯ ಚಪ್ಪರ, ಸಾಮೂಹಿಕ ವಿವಾಹ, ಎಲ್ಲವೂ ಖರ್ಚು ಉಳಿಸುವ ಅವಕಾಶಗಳಾಗಿ ಕಾಣುತ್ತವೆ.

ಮದುವೆ ತಪ್ಪಿಸಲು ಅವಳ ಕೈಯಲ್ಲಿ ಆಗ ಉಳಿಯುವುದು ಬಾಲ್ಯವಿವಾಹ ನಿಷೇಧ ಕಾಯ್ದೆಯೊಂದೇ. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿಯ ವರದಿಯ ನಂತರ ಕರ್ನಾಟಕ ಅದನ್ನು ಇನ್ನಷ್ಟು ಬಿಗಿ ಮಾಡಿತು: 2006ರ ಕೇಂದ್ರ ಕಾಯ್ದೆಯಲ್ಲಿ ಬಾಲ್ಯವಿವಾಹವನ್ನು ರದ್ದು ಮಾಡಿಸಿಕೊಳ್ಳಬಹುದು ಎಂದಿದ್ದರೆ, ನಮ್ಮ ತಿದ್ದುಪಡಿಯ ಪ್ರಕಾರ ಅದು ಆರಂಭದಿಂದಲೇ ಅಸಿಂಧು, ಮದುವೆಯೇ ಅಲ್ಲ. ತಹಶೀಲ್ದಾರರಿಂದ ಹಿಡಿದು ಪಿಡಿಒ, ಮುಖ್ಯಶಿಕ್ಷಕರವರೆಗೆ ಅನೇಕರು ನಿಷೇಧಾಧಿಕಾರಿಗಳು. 1098ಕ್ಕೆ ಫೋನು ಮಾಡಿದರೆ ಸಾಕು, ಹೇಳಿದವರ ಹೆಸರು ಹೊರಗೆ ಬರುವುದಿಲ್ಲ. ಹೀಗೆ ಎಷ್ಟೋ ಮದುವೆಗಳು ನಿಂತಿವೆ. ನಿಂತ ಮದುವೆ ಮುಂದಿನ ವಾರ ಬೇರೆ ಊರಿನ ಗುಡಿಯಲ್ಲಿ ನಡೆಯದಂತೆ ನೋಡಿಕೊಳ್ಳುವವರು ಯಾರು ಎಂಬುದು ಮಾತ್ರ ಸ್ಪಷ್ಟವಿಲ್ಲ. ಮುಚ್ಚಳಿಕೆ ಬರೆಸಿಕೊಂಡು ಜೀಪು ವಾಪಸಾದ ಮೇಲೆ ಹುಡುಗಿ ಮರಳಿ ಶಾಲೆಗೆ ಬಂದಳೇ ಎಂದು ನೋಡುವುದಕ್ಕೂ ಹಾಜರಿ ಪುಸ್ತಕವೇ ಬೇಕು. ಒಂಬತ್ತಕ್ಕೆ ಹೆಸರೇ ಹಚ್ಚದಿದ್ದರೆ ಅದೂ ಇಲ್ಲ.

ಮದುವೆ ನಡೆದೇ ಹೋದರೆ ಕಾನೂನಿನ ಬಿಗಿ ತಿರುಗಿ ಹುಡುಗಿಯನ್ನೇ ಕಚ್ಚುವುದುಂಟು. 18 ತುಂಬದ ಹೆಂಡತಿಯೊಂದಿಗಿನ ಲೈಂಗಿಕ ಸಂಪರ್ಕವೂ ಅತ್ಯಾಚಾರವೇ ಎಂದು 2017ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪೋಕ್ಸೊ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ವೈದ್ಯರೂ ಸೇರಿ. ತೀರ್ಪು ಸರಿಯಾದದ್ದೇ. ಆದರೆ ಗಂಡ ಜೈಲಿಗೆ ಹೋದಾನೆಂಬ ಭಯದಲ್ಲಿ ಬಸುರಿ ಹುಡುಗಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದನ್ನು ಮುಂದೂಡುತ್ತಾಳೆ, ಹತ್ತಿದರೂ ತಾಯಿ ಕಾರ್ಡಿನಲ್ಲಿ ವಯಸ್ಸು 19 ಎಂದು ಬರೆಸುತ್ತಾರೆ. ಯಾರಿಗೆ ಹೆಚ್ಚಿನ ಆರೈಕೆ ಬೇಕೋ ಅವಳೇ ಅಡಗುತ್ತಾಳೆ. ಆಶಾ ಕಾರ್ಯಕರ್ತೆಗೆ ಇದು ಧರ್ಮಸಂಕಟ, ಅವಳೂ ಅದೇ ಓಣಿಯವಳು.

ಹೆಸರು ಪುಸ್ತಕದಲ್ಲಿದ್ದರೆ ಎಲ್ಲ ಕ್ಷೇಮ ಎಂದೇನೂ ನಾನು ಹೇಳುತ್ತಿಲ್ಲ. 2025ರ ಆಗಸ್ಟ್‌ನಲ್ಲಿ ಶಹಾಪುರದ ಸರ್ಕಾರಿ ವಸತಿ ಶಾಲೆಯೊಂದರ ಶೌಚಾಲಯದಲ್ಲಿ ಒಂಬತ್ತನೇ ತರಗತಿಯ ಬಾಲಕಿ ಹೆತ್ತ ಸುದ್ದಿ ಬಂತು. ಪೋಕ್ಸೊ ಅಡಿ ಪ್ರಕರಣ ದಾಖಲಾಯಿತು, ಸಿಬ್ಬಂದಿ ಅಮಾನತಾದರು. ಆ ಬಾಲಕಿಯ ಹೆಸರು ಎಷ್ಟು ಪುಸ್ತಕಗಳಲ್ಲಿ ಇತ್ತು ಎಂದು ಯೋಚಿಸಿ: ತರಗತಿಯದ್ದು, ಹಾಸ್ಟೆಲಿನದ್ದು, ಊಟದ್ದು, ಆರೋಗ್ಯ ತಪಾಸಣೆಯದ್ದು. ಅಷ್ಟೂ ಕಡೆ ಟಿಕ್ ಬಿದ್ದಿರಬೇಕು, ಯಾರೂ ಅವಳ ಮುಖ ನೋಡಿ ಮಾತಾಡಿಸಿರಲಿಲ್ಲ. ಹಾಸ್ಟೆಲಿಗೊಬ್ಬ ನರ್ಸು, ತಿಂಗಳಿಗೊಮ್ಮೆ ಬಾಗಿಲು ಮುಚ್ಚಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡುವ ಏರ್ಪಾಡು, ಇವು ದುಬಾರಿ ಸಂಗತಿಗಳಲ್ಲ. ಆ ಸುದ್ದಿಯನ್ನು ಹುಡುಗಿಯ ಮೇಲಿನ ತೀರ್ಪಾಗಿ ಹಂಚಿಕೊಂಡವರ ಬಗ್ಗೆ ಏನು ಹೇಳುವುದು!

ಪೋಷಣೆ-ರಕ್ಷಣೆ ಬೇಕಾದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ. ಅಧ್ಯಕ್ಷರೊಬ್ಬರು, ಸದಸ್ಯರು ನಾಲ್ವರು. ಕಾನೂನಿನ ಕಣ್ಣಲ್ಲಿ ಈ ಐವರು ಜಿಲ್ಲೆಯ ದಿಕ್ಕಿಲ್ಲದ ಮಕ್ಕಳಿಗೆಲ್ಲ ಪಾಲಕರಿದ್ದ ಹಾಗೆ. ಸುರಪುರಕ್ಕೆ ಸರ್ಕಾರಿ ಪಾಲಕತ್ವ ಹೊಸದಲ್ಲ. ಎಳೆಯ ದೊರೆ ವೆಂಕಟಪ್ಪ ನಾಯಕನ ಹೆಸರಿನಲ್ಲಿ ಸಂಸ್ಥಾನ ನೋಡಿಕೊಳ್ಳಲು 1841ರಲ್ಲಿ ಬಂದ ಮೆಡೋಸ್ ಟೇಲರ್ 1853ರವರೆಗೆ ಇಲ್ಲಿದ್ದ, ಗುಡ್ಡದ ಮೇಲಿನ ಅವನ ಬಂಗಲೆ ಇವತ್ತಿಗೂ ಇದೆ. ಒಬ್ಬ ಹುಡುಗನಿಗೆ ಒಬ್ಬ ಪೂರ್ಣಾವಧಿ ಅಧಿಕಾರಿ. ಕಂಪನಿ ಸರ್ಕಾರದ ಕಣ್ಣು ಹುಡುಗನಿಗಿಂತ ಸಂಸ್ಥಾನದ ಮೇಲಿತ್ತೆನ್ನುವುದು ಬೇರೆ ಮಾತು. ಸಂಸ್ಥಾನವಿಲ್ಲದ ಮಕ್ಕಳ ಪಾಲಿಗೆ ಈಗಿನ ಐವರು ಯಾದಗಿರಿಯಲ್ಲಿ ಕೂರುತ್ತಾರೆ. ಹುಣಸಗಿ ಕಡೆಯ ಹಳ್ಳಿಯಿಂದ ಕೂಲಿ ಬಿಟ್ಟು ಅಲ್ಲಿಗೆ ಬಂದು ಹೋಗುವುದೆಂದರೆ ಒಂದು ದಿನದ ಕೆಲಸ. ಸಮಿತಿ ತಿಂಗಳಿಗೊಮ್ಮೆಯಾದರೂ ಶಹಾಪುರ, ಸುರಪುರದಲ್ಲಿ ಕೂತರೆ ಕಾಯ್ದೆಯೇನೂ ಅಡ್ಡ ಬರುವುದಿಲ್ಲ.

ಹಾಗೆಯೇ ಕಾಯ್ದೆ ಅಡ್ಡ ಬರದ ಇನ್ನೊಂದು ಕೆಲಸವಿದೆ. ಎಂಟನೇ ತರಗತಿ ಮುಗಿಸಿ ವರ್ಗಾವಣೆ ಪತ್ರ ಒಯ್ದವರ ಪಟ್ಟಿ ಒಂದು ಶಾಲೆಯಲ್ಲಿ, ಒಂಬತ್ತಕ್ಕೆ ಸೇರಿದವರ ಪಟ್ಟಿ ಇನ್ನೊಂದರಲ್ಲಿ ಇರುತ್ತದೆ. ಜೂನ್ ಮುಗಿಯುವುದರೊಳಗೆ ಪಂಚಾಯಿತಿಯವರು ಎರಡನ್ನೂ ಎದುರುಬದುರು ಇಟ್ಟರೆ ಕಾಣೆಯಾದ ಹೆಸರುಗಳು ತಾವಾಗಿ ಎದ್ದು ಕಾಣುತ್ತವೆ. ಆ ಹೆಸರುಗಳ ಮನೆಗೆ ಮದುವೆಯ ಸುದ್ದಿ ಬರುವ ಮೊದಲೇ ಹೋಗಬಹುದು. ವರ್ಷಕ್ಕೊಮ್ಮೆ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ಮಾಡುವ ಪದ್ಧತಿ ನಮ್ಮಲ್ಲಿದೆ. ಆ ಪಟ್ಟಿಯನ್ನು ಮಕ್ಕಳ ಮುಂದೆಯೇ ಓದಿದರೆ, ಯಾರು ಎಲ್ಲಿದ್ದಾರೆ ಎಂದು ಅಧಿಕಾರಿಗಳಿಗಿಂತ ಚೆನ್ನಾಗಿ ಅವರೇ ಹೇಳಿಯಾರು. ಆದರೆ ಈ ಸಭೆಗಳು ಸಾಮಾನ್ಯವಾಗಿ ನಡೆಯುವುದು ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ, ಹತ್ತಿ ಬಿಡಿಸುವವರ ಟಂಟಂ ಊರಿಗೆ ಬರುವ ದಿನಗಳಲ್ಲಿ. ಈ ಮೂರು ತಾಲ್ಲೂಕುಗಳ ಮಟ್ಟಿಗಾದರೂ ಜಿಲ್ಲಾ ಪಂಚಾಯಿತಿ ಅದನ್ನು ಆಗಸ್ಟಿಗೆ ಹಿಂದೂಡಲಿ.